ಆಯಿಯ ಕವಡೆ

ಕಟಕೋಳದ ನಮ್ಮ ಹೊಲ ನಾಲ್ಕು ಪಾಲಾದ ದಿನ ಯಾರೂ ಜಗಳ ಆಡಲಿಲ್ಲ. ಬಾವಿ ಇರುವ ಪಾಲು ಯಾರಿಗೆ ಎಂಬುದನ್ನು ಆಯಿ ಕವಡೆಗೆ ಬಿಟ್ಟಳು. ದೊಡ್ಡಪ್ಪನಿಗೆ ಒಂದು, ನಡುವಿನ ಇಬ್ಬರಿಗೆ ಎರಡು, ಮೂರು, ಕಿರಿಯವನಾದ ಅಪ್ಪನಿಗೆ ನಾಲ್ಕು. ನಾಲ್ಕು ಕವಡೆ ಎಸೆದಾಗ ಎಷ್ಟು ಅಂಗಾತ ಬೀಳುತ್ತವೋ ಆ ಸಂಖ್ಯೆಯವನಿಗೆ ಬಾವಿ. ಎಲ್ಲವೂ ಬೋರಲಾದರೆ ಮತ್ತೆ ಎಸೆತ. ಎರಡು ಬಿತ್ತು. ಅಪ್ಪ ಸುಮ್ಮನೆ ಎದ್ದ. ಆಮೇಲೆ ವರ್ಷಗಟ್ಟಲೆ ಮಳೆ ನಂಬಿ ಜೋಳ ಬಿತ್ತಿದ.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಸಂಶೋಧನೆಗೆ ಸೇರಿದ ಮೇಲೆ ಒಂದು ರಾತ್ರಿ ಲೆಕ್ಕ ಹಾಕಿದೆ. ನಾಲ್ಕು ಕವಡೆ ಬೀಳುವ ಬಗೆ 16. ಎಲ್ಲ ಬೋರಲಾಗುವ ಒಂದನ್ನು ಬಿಟ್ಟರೆ 15. ಅದರಲ್ಲಿ ಒಂದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ನಾಲ್ಕಕ್ಕೆ ಒಂದೇ ಒಂದು. ಕವಡೆ ಎರಡೂ ಬದಿಗೆ ಸಮವಾಗಿ ಬೀಳುತ್ತದೆ ಎಂದುಕೊಂಡರೆ ಇಷ್ಟು. ಅದು ಹಾಗೆ ಬೀಳುವುದೂ ಇಲ್ಲ, ಆ ಮಾತು ಬೇರೆ.

ಅದೇ ಕವಡೆಯಿಂದ ನ್ಯಾಯ ಮಾಡಬಹುದಿತ್ತು. ಜಾನ್ ವಾನ್ ನ್ಯೂಮನ್ 1951ರಲ್ಲಿ ಹೇಳಿದ ಉಪಾಯವಿದೆ. ಒಂದೇ ಕವಡೆಯನ್ನು ಎರಡು ಸಲ ಎಸೆಯಿರಿ. ಮೊದಲು ಅಂಗಾತ, ಆಮೇಲೆ ಬೋರಲು ಬಿದ್ದರೆ ಹಿರಿಯರಿಬ್ಬರ ಕಡೆ. ತಿರುವುಮುರುವಾದರೆ ಕಿರಿಯರ ಕಡೆ. ಎರಡೂ ಸಲ ಒಂದೇ ಥರ ಬಿದ್ದರೆ ಲೆಕ್ಕಕ್ಕಿಲ್ಲ, ಮತ್ತೆ ಎಸೆಯಿರಿ. ಕವಡೆ ಯಾವ ಬದಿಗೆ ಎಷ್ಟೇ ವಾಲಲಿ, ಈ ಎರಡರ ಸಾಧ್ಯತೆ ಸಮ. ಉಳಿದ ಇಬ್ಬರ ನಡುವೆ ಇನ್ನೊಮ್ಮೆ ಹೀಗೇ ಮಾಡಿದರೆ ನಾಲ್ವರಿಗೂ ಸಮಪಾಲು.

ದೀಪಾವಳಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಆ ಕವಡೆಗಳನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತ.

“ದಿನಾ ಕವಡಿ ಆಡತಿದ್ಲು. ಎರಡ ಭಾಳ ಬೀಳತಾವ ಅನ್ನೂದು ಅವ್ವಗ ಗೊತ್ತಿತ್ತೇನ?”

ಆ ಲೆಕ್ಕ ನಾನು ಹಾಕಿರಲಿಲ್ಲ.