‘ಅದು ಕ್ರಿಕೆಟ್ ಅಲ್ಲ!’

ಆಟದಲ್ಲಿ ಯಾರಾದರೂ ಮೋಸ ಮಾಡಿದರೆ ನಾವು ‘ಕಳ್ಳಾಟ’ ಎನ್ನುತ್ತೇವೆ. ಆಂಗ್ಲರ ಮಾತೇ ಬೇರೆ. ಗೆಳೆಯ ಕೊಟ್ಟ ಮಾತಿಗೆ ತಪ್ಪಿದರೂ ‘ಅದು ಕ್ರಿಕೆಟ್ ಅಲ್ಲ’ ಎನ್ನುವರು. ತಮ್ಮ ಆಟವನ್ನೇ ನ್ಯಾಯದ ಅಳತೆಗೋಲು ಮಾಡಿಕೊಂಡ ಜನ! ನಾವು ‘ಅದು ಕಬಡ್ಡಿ ಅಲ್ಲ’ ಎಂದರೆ ಯಾರು ಕೇಳಿಯಾರು?

ಈ ಹೆಮ್ಮೆಯನ್ನು ಬುಡಮೇಲು ಮಾಡಿದವನೂ ಒಬ್ಬ ಆಂಗ್ಲನೇ. ಡಗ್ಲಸ್ ಆಡಮ್ಸ್ ಎಂಬಾತನ ವೈಜ್ಞಾನಿಕ ಕಾದಂಬರಿ ‘ಲೈಫ್, ದಿ ಯೂನಿವರ್ಸ್ ಅಂಡ್ ಎವೆರಿಥಿಂಗ್’ 1982ರಲ್ಲಿ ಪ್ರಕಟವಾಯಿತು. ಅದರಲ್ಲಿ ‘ಕ್ರಿಕಿಟ್’ ಎಂಬ ಗ್ರಹವಿದೆ. ಸುತ್ತಲೂ ಧೂಳಿನ ಮೋಡ. ರಾತ್ರಿ ಒಂದು ನಕ್ಷತ್ರವೂ ಕಾಣದು. ಅಲ್ಲಿಯವರು ಹಾಡಿಕೊಂಡು ಬಾಳುವ ಸಾಧುಗಳು. ಮೊದಲ ಸಲ ಮೋಡದಾಚೆ ಹೋಗಿ ಅಸಂಖ್ಯ ನಕ್ಷತ್ರಗಳನ್ನು ಕಂಡಾಗ ಅವರು ಕೈಗೊಂಡ ತೀರ್ಮಾನವೇನು ಗೊತ್ತೆ? ಇದೆಲ್ಲ ಇರಕೂಡದು!

ಓದುತ್ತ ನಗುತ್ತಿದ್ದ ನಾನು ಇಲ್ಲಿ ನಿಂತೆ. ಅವರು ದುಷ್ಟರಲ್ಲ. ತಮ್ಮ ಹೊರತು ಇನ್ನೊಬ್ಬರಿರುವುದನ್ನು ಸಹಿಸಲಾರರು, ಅಷ್ಟೆ. ಎದುರು ಪಕ್ಷವೇ ಬೇಡವೆಂದ ಮೇಲೆ ಆಟವೆಲ್ಲಿ, ನ್ಯಾಯವೆಲ್ಲಿ? ಎರಡು ಮೂರು ಭಾಷೆ ಕೇಳುತ್ತ ಬೆಳೆಯುವ ನಮ್ಮಂಥ ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಘೋರ ಯುದ್ಧ. ಬಿಳಿಯ ಯಂತ್ರಮಾನವರು, ಕೈಯಲ್ಲಿ ಬ್ಯಾಟಿನಂಥ ದೊಣ್ಣೆ. ಕಡೆಗೆ ಆ ಗ್ರಹವನ್ನೇ ಬೀಗ ಹಾಕಿ ಬಂಧಿಸಿದರು. ಬೀಗದ ಕೈಯ ಆಕಾರವೋ, ವಿಕೆಟ್ಟಿನದು! ಆ ಯುದ್ಧದ ಮಸುಕು ನೆನಪನ್ನೇ ಆಂಗ್ಲರು ಆಟ ಮಾಡಿಕೊಂಡರಂತೆ. ಉಳಿದ ಲೋಕದವರಿಗೆ ಇದು ಕೇವಲ ಅಸಭ್ಯ. ತಪ್ಪಿಸಿಕೊಂಡಿದ್ದ ಯಂತ್ರಮಾನವರು ಬೀಗದ ಕೈಯ ಚೂರುಗಳನ್ನು ಹುಡುಕುತ್ತ ಲಂಡನ್ನಿನ ಲಾರ್ಡ್ಸ್ ಮೈದಾನಕ್ಕೇ ಇಳಿದು, ಎಲ್ಲರೆದುರು ‘ಆಶಸ್’ ಪಾರಿತೋಷಕವನ್ನು ಕಿತ್ತುಕೊಂಡು ಹಾರಿಹೋಗುತ್ತಾರೆ.