ಕಲಾವತಿಗೆ ಮಂಕಿಟೋಪಿ

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಿಂದ ಇಂಗ್ಲೆಂಡಿನ ವೋಕಿಂಗ್ ಪಟ್ಟಣಕ್ಕೆ ದಿನಕ್ಕೊಂದು ವಿಡಿಯೋ ಕಾಲ್ ಬರುತ್ತಿತ್ತು. ಮಾಡುವವಳು ನನ್ನ ಹೆಂಡತಿ, ಎತ್ತುವವನು ನಾನು. ಎತ್ತಿದ ಕೂಡಲೇ ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ: "ಕಲಾವತಿ ಹೆಂಗಿದಾಳೆ?" ನನ್ನ ಬಿಪಿ, ಮಂಡಿನೋವು, ನಿದ್ದೆ ಇವುಗಳ ಸರದಿ ಆಮೇಲೆ. ಪಕ್ಕದ ಮನೆಯಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದಿದ್ದರೆ, ಈ ವಯಸ್ಸಿನಲ್ಲಿ ನಾನು ವಿಲಾಯಿತಿಯಲ್ಲಿ ಎರಡನೇ ಸಂಸಾರ ಹೂಡಿದ್ದೇನೆಂದೂ, ಅದಕ್ಕೆ ಮೊದಲ ಹೆಂಡತಿಯ ಒಪ್ಪಿಗೆಯೂ ಇದೆಯೆಂದೂ ತಿಳಿದುಕೊಳ್ಳುತ್ತಿದ್ದರು.

ಕಲಾವತಿ ಒಂದು ಬಳ್ಳಿ. ನಾಲ್ಕು ವರ್ಷದ ಹಿಂದೆ ನಾವಿಬ್ಬರೂ ಮಗಳ ಮನೆಗೆ ಬಂದಿದ್ದಾಗ, ಗಿಡಗಳ ಅಂಗಡಿಯೊಂದರ ಮೂಲೆಯಲ್ಲಿ, ಬದುಕಿದರೆ ಬದುಕಲಿ ಎಂದು ಎತ್ತಿಟ್ಟ ಕುಂಡಗಳ ಸಾಲಿನಲ್ಲಿ ಅವಳು ಸಿಕ್ಕಳು. ಒಣಗಿದ ಕಡ್ಡಿ, ತುದಿಗೆ ಒಂದೇ ಚಿಗುರು, ಬೆಲೆ ಎರಡು ಪೌಂಡು. ನನ್ನ ಹೆಂಡತಿ ಪೌಂಡನ್ನು ರೂಪಾಯಿಗೆ ಗುಣಿಸಿ, ಬಂದ ಮೊತ್ತವನ್ನು ನಮ್ಮೂರ ಸಂತೆಯ ಬಸಳೆಕಟ್ಟಿನ ಬೆಲೆಗೆ ಭಾಗಿಸಿ, ಎರಡು ಸಲ ನಿಟ್ಟುಸಿರು ಬಿಟ್ಟು ಕೊನೆಗೆ ಕೊಂಡಳು. ಚೀಟಿಯಲ್ಲಿ 'ಕ್ಲೆಮಟಿಸ್ ಜಾಕ್‌ಮನೈ' ಎಂದಿತ್ತು. ಮನೆ ತಲುಪುವಷ್ಟರಲ್ಲಿ ಅವಳ ಬಾಯಲ್ಲಿ ಅದು ಕಲಾವತಿಯಾಯಿತು. ಸತ್ಯನಾರಾಯಣ ಕಥೆಯ ಕಲಾವತಿ ಪ್ರಸಾದ ಬಿಟ್ಟು ಓಡಿ ಕಷ್ಟಕ್ಕೆ ಸಿಕ್ಕವಳು. ಈ ಕಲಾವತಿಗೆ ನೀರನ್ನೇ ಯಾರೂ ಕೊಟ್ಟಿರಲಿಲ್ಲ.

ವೋಕಿಂಗ್ ಕಲಾವತಿಯ ತವರುಮನೆ ಎಂಬುದು ಆಮೇಲೆ ಗೊತ್ತಾಯಿತು. ಇದೇ ಊರಿನ ಜಾಕ್‌ಮನ್ ಮನೆತನದವರ ನರ್ಸರಿಯಲ್ಲಿ ಈ ತಳಿ ಹುಟ್ಟಿ, 1862ರಲ್ಲಿ ಮೊದಲ ಸಲ ಹೂಬಿಟ್ಟು, ಅಲ್ಲಿಂದ ದೇಶದೇಶದ ಬೇಲಿಗಳನ್ನು ಹತ್ತಿತಂತೆ. "ಅಷ್ಟು ದೊಡ್ಡ ಮನೆ ಹುಡುಗಿ, ತವರಲ್ಲೇ ಎರಡು ಪೌಂಡಿಗೆ ಬಿಕರಿಯಾದಳಲ್ರೀ" ಎಂದು ಹೆಂಡತಿ ಮರುಗಿದಳು. ಆದರೆ ಊರಿನವರು ಪೇಟೆಯ ನಡುವೆ ನಿಲ್ಲಿಸಿಕೊಂಡಿರುವುದು ಹೂವನ್ನಲ್ಲ, ಏಳು ಮೀಟರ್ ಎತ್ತರದ ಮೂರು ಕಾಲಿನ ಮಂಗಳಗ್ರಹದ ಯಂತ್ರವನ್ನು. ಎಚ್. ಜಿ. ವೆಲ್ಸ್ ಇದೇ ಊರಿನಲ್ಲಿದ್ದಾಗ ಬರೆದ ಕಾದಂಬರಿ 1898ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಮಂಗಳದವರು ಮೊದಲು ಬಂದಿಳಿಯುವುದು ಇಲ್ಲಿಯ ಹಾರ್ಸೆಲ್ ಬಯಲಿಗೆ. ಹಾಲು ತರಲು ಹೋಗುವಾಗ ನಾನು ಆ ಯಂತ್ರದ ಪಕ್ಕದಲ್ಲೇ ಹಾಯಬೇಕು. ಪಂಚೆಯ ಮೇಲೆ ಓವರ್‌ಕೋಟು, ತಲೆಗೆ ಮಂಕಿಟೋಪಿ ಏರಿಸಿದ ನನ್ನನ್ನು ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮಂಗಳದವರನ್ನು ಕಂಡವರಿಗೆ ತೀರ್ಥಹಳ್ಳಿಯವನು ಯಾವ ಲೆಕ್ಕ?

ಕ್ಲೆಮಟಿಸ್ ಬೆಳೆಸುವವರಲ್ಲಿ ಗಾದೆಯಂಥ ಒಂದು ಮಾತಿದೆ: ತಲೆಗೆ ಬಿಸಿಲು, ಬುಡಕ್ಕೆ ನೆರಳು. ನಮ್ಮಮ್ಮನಾದರೋ ಜೀವಮಾನವಿಡೀ 'ತಲೆ ತಂಪಾಗಿರಲಿ, ಕಾಲು ಬೆಚ್ಚಗಿರಲಿ' ಎಂದು ನಮಗೆ ಹರಳೆಣ್ಣೆ ತಿಕ್ಕಿದವಳು. ಈ ಬಳ್ಳಿಯ ಆರೋಗ್ಯಶಾಸ್ತ್ರವೇ ನನಗೆ ತಲೆಕೆಳಗು ಅನ್ನಿಸುತ್ತಿತ್ತು. ಹೆಂಡತಿ ಮಾತ್ರ ತಕರಾರಿಲ್ಲದೆ ಬುಡದ ಸುತ್ತ ಚಪ್ಪಟೆ ಕಲ್ಲು ಜೋಡಿಸಿ ನೆರಳು ಮಾಡಿಕೊಟ್ಟು ಊರಿಗೆ ಹೊರಟಳು. ಬಳ್ಳಿ ಹಬ್ಬಿತು. ಇದಕ್ಕೆ ಹೀರೆ, ಸೌತೆಗಳ ಹಾಗೆ ಹಿಡಿದುಕೊಳ್ಳಲು ಬೇರೆ ಕುಡಿ ಇಲ್ಲ. ಎಲೆಯ ತೊಟ್ಟೇ ತಂತಿಯನ್ನು ಸುತ್ತಿಕೊಳ್ಳುತ್ತದೆ, ಕೂಸು ತೊಟ್ಟಿಲ ಹಗ್ಗ ಹಿಡಿದ ಹಾಗೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನಾಲ್ಕೆಸಳಿನ, ಅಂಗೈಯಗಲದ ನೇರಳೆ ಹೂಗಳು. ಆಮೇಲೆ ಕದ ಮುಚ್ಚಿ ನಿದ್ದೆ.

ಹೋದ ವರ್ಷ ಮಗಳಿಗೆ ಬೆನ್ನಿನ ಆಪರೇಷನ್ ಆಯಿತು. ಮನೆ ನೋಡಿಕೊಳ್ಳಲು ಒಬ್ಬರು ಬೇಕು. ಅದೇ ಹೊತ್ತಿಗೆ ನಮ್ಮಲ್ಲಿ ಅಡಿಕೆ ಕೊಯ್ಲು. ಇಬ್ಬರಲ್ಲಿ ಯಾರಿಲ್ಲದಿದ್ದರೂ ಕೊಯ್ಲು ನಡೆಯುತ್ತದೆ ಎಂಬ ಚರ್ಚೆ ಎರಡು ನಿಮಿಷದಲ್ಲಿ ಮುಗಿದು, ವಿಮಾನದ ಟಿಕೆಟ್ ನನ್ನ ಹೆಸರಿಗೆ ಬಂತು. ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿ ಕಳೆದು, ಸಬ್ ಪೋಸ್ಟ್‌ಮಾಸ್ಟರಾಗಿ ನಿವೃತ್ತನಾದವನು ನಾನು. ನನ್ನನ್ನೇ ಯಾರೋ ಪಾರ್ಸೆಲ್ ಮಾಡಿ ಕಳಿಸಿದ್ದು ಅದೇ ಮೊದಲು.

ನವೆಂಬರ್ ಕೊನೆಯಲ್ಲಿ ಅಲ್ಲಿಯ ಸೂರ್ಯ ಒಂದು ನಮೂನೆಯ ಗುಮಾಸ್ತ. ತಡವಾಗಿ ಬರುತ್ತಾನೆ, ಬಂದವನು ಫೈಲು ಮುಟ್ಟುವುದಿಲ್ಲ, ನಾಲ್ಕು ಗಂಟೆಗೆಲ್ಲ ಮಾಯ. ಅಂಥದೊಂದು ಮಂಕು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಹೋದರೆ, ಒಣಗಿ ತರಗಾದ ಬಳ್ಳಿಯ ನೆತ್ತಿಯಲ್ಲಿ ಒಂದು ಹೂವು.

ಹೂವು ಎಂದರೆ ಸುಳ್ಳಾಗುತ್ತದೆ, ಎಲೆ ಎಂದರೂ ಸುಳ್ಳು. ಕನ್ನಡಕ ಒರೆಸಿ ನೋಡಿದೆ. ನಾಲ್ಕಿರಬೇಕಾದಲ್ಲಿ ಆರು ಎಸಳು. ಎರಡು ಅಪ್ಪಟ ಹಸಿರು; ಮುಟ್ಟಿದರೆ ಎಲೆಯ ಹಾಗೇ ದಪ್ಪ, ಒರಟು, ನರಗಳೂ ಎದ್ದು ಕಾಣುತ್ತಿದ್ದವು. ಮೂರು ಎಸಳಿಗೆ ಹಸಿರು ಒಡಲು, ನೇರಳೆ ಅಂಚು. ನಮ್ಮ ಕಡೆ ಧಾರೆಗೆ ತರುವ ಸೀರೆಯ ಹಾಗೆ. ಆರನೆಯದು ಮಾತ್ರ ಪೂರ್ತಿ ನೇರಳೆ, ಆದರೆ ತುದಿ ಸುರುಟಿಕೊಂಡಿತ್ತು. ಬೇರೆಯವರೆಲ್ಲ ಮನೆಯುಡುಗೆಯಲ್ಲಿರುವಾಗ ತಾನೊಬ್ಬಳೇ ಜರಿ ಉಟ್ಟು ಬಂದೆನಲ್ಲ ಎಂದು ನಾಚಿಕೊಂಡವಳ ಹಾಗೆ. ದೀಪಾವಳಿಯ ಶುಭಾಶಯ ಪತ್ರ ಸಂಕ್ರಾಂತಿಗೆ ಬಂದು ತಲುಪುವುದನ್ನು ನಾನು ನೋಡಿದವನು. ಮಳೆಗೆ ವಿಳಾಸ ಅರ್ಧ ಅಳಿಸಿ, ಮೂರು ಊರಿನ ಮುದ್ರೆ ಬಿದ್ದು ಬರುವ ಅಂಥ ಲಕೋಟೆಗಳನ್ನು ಎಸೆಯಲು ನನಗೆಂದೂ ಮನಸ್ಸು ಬಂದದ್ದಿಲ್ಲ.

ಸಂಜೆಯ ಕಾಲ್‌ನಲ್ಲಿ ಹೆಂಡತಿಗೆ ತೋರಿಸಿದೆ. ಅವಳ ಹಿಂದೆ ಅಡಿಕೆ ಬೇಯುವ ಹಂಡೆ, ಹೊಗೆ. ಆ ಚೊಗರಿನ ವಾಸನೆ ಫೋನಿನಲ್ಲಿ ಬರುವುದಿಲ್ಲ ಎಂಬುದು ಆಗ ನೆನಪಾಗಿ ಸುಮ್ಮನೆ ಸಂಕಟವಾಯಿತು. ಅವಳು ಒಂದೇ ನೋಟಕ್ಕೆ ತೀರ್ಪು ಕೊಟ್ಟಳು:

"ಎಂತ ಮಾರಾಯ್ರೆ, ಬದನೆಗೆ ಬರುತ್ತಲ್ಲ ಸಣ್ಣೆಲೆ ರೋಗ, ಅದೇ ಇದು. ಹೂವಾಗ್ಬೇಕಾದ್ದೆಲ್ಲ ಎಲೆಯಾಗಿಬಿಡುತ್ತೆ. ಕಿತ್ತು ಸುಡಿ."

ಅವಳ ಮಾತು ತೆಗೆದುಹಾಕುವಂಥದಲ್ಲ. ಬದನೆಯ ಸಣ್ಣೆಲೆ ರೋಗ, ಎಳ್ಳಿನ ಹೂವು ಎಲೆಯಾಗುವ ರೋಗ ಎರಡಕ್ಕೂ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ರಸ ಹೀರುವ ಜಿಗಿಹುಳು ಅದನ್ನು ಗಿಡದಿಂದ ಗಿಡಕ್ಕೆ ಬಟವಾಡೆ ಮಾಡುತ್ತದೆ. ಕ್ಲೆಮಟಿಸ್‌ಗೂ ಅಂಥ ಕಾಯಿಲೆ ಉಂಟು. ಬಂದರೆ ಕಿತ್ತೆಸೆಯುವುದೊಂದೇ ದಾರಿ.

ಎರಡನೇ ವೈದ್ಯರು ಬೇಲಿಯಾಚೆಯ ಅಜ್ಜಿ. ಎಂಬತ್ತು ದಾಟಿದ ಇಂಗ್ಲಿಷ್ ಹೆಂಗಸು, ಮಳೆ ಬಂದರೂ ಕತ್ತರಿ ಕೆಳಗಿಡದವರು. ಇದಕ್ಕೇನೂ ಆಗಿಲ್ಲ ಎಂದರು. ಚಳಿ ಹೆಚ್ಚಾಗಿ ಬೆಳಕು ಸಾಲದಿದ್ದರೆ ಕ್ಲೆಮಟಿಸ್‌ಗೆ ಬಣ್ಣ ಕಟ್ಟುವುದು ಆಗುವುದಿಲ್ಲ, ಹಸಿರಾಗಿಯೇ ಉಳಿಯುತ್ತದೆ, ಬಿಸಿಲು ಬಂದರೆ ಸರಿಹೋಗುತ್ತದೆ. ಹಾಗೆನ್ನುತ್ತ ನನ್ನ ಟೋಪಿಯನ್ನೂ ಪಂಚೆಯನ್ನೂ ನೋಡಿ ಒಂಚೂರು ನಕ್ಕರು. ರೋಗಿ ಯಾರೆಂಬುದರ ಬಗ್ಗೆ ಅವರಿಗೆ ಗೊಂದಲ ಇದ್ದಂತೆ ಕಂಡಿತು.

ಮೂರನೆಯವಳು ಮೊಮ್ಮಗಳು. ಕಾಲೇಜಿನಲ್ಲಿ ಬಯಾಲಜಿ ಓದುತ್ತಾಳೆ. "ಅಜ್ಜ, ಹೂವು ಅಂದ್ರೆ ಎಲೆನೇ" ಎಂದು ಶುರುಮಾಡಿದಳು. ಗಯಟೆ ಎಂಬ ಜರ್ಮನ್ ಕವಿ 1790ರಲ್ಲೇ ಇದನ್ನು ಬರೆದಿದ್ದನಂತೆ: ಎಸಳು, ಕೇಸರ, ಎಲ್ಲವೂ ವೇಷ ಹಾಕಿದ ಎಲೆಗಳು. ಗಿಡ ಎಡವಿದಾಗಲೇ ಅದರ ಗುಟ್ಟು ಹೊರಬೀಳುವುದು ಎಂಬುದೂ ಅವನಿಗೆ ಗೊತ್ತಿತ್ತು. ಇನ್ನೂರು ವರ್ಷದ ಮೇಲೆ, 1991ರಲ್ಲಿ, ಕೋಯನ್ ಮತ್ತು ಮೆಯೆರೋವಿಟ್ಸ್ ಎಂಬ ವಿಜ್ಞಾನಿಗಳು ಆ ವೇಷ ಹಾಕಿಸುವ ಜೀನ್‌ಗಳ ಲೆಕ್ಕ ಬಿಡಿಸಿಟ್ಟರು. ಮೂರು ಗುಂಪಿನ ಸ್ವಿಚ್ಚುಗಳು. ಮೂರನ್ನೂ ಆರಿಸಿದರೆ ಹೂವಿನ ಜಾಗದಲ್ಲಿ ಬರೀ ಎಲೆ. "ಮತ್ತೆ ಕ್ಲೆಮಟಿಸ್‌ಗೆ ಪೆಟಲ್ಸೇ ಇಲ್ಲ, ಅಜ್ಜ. ನೀನು ನೋಡೋದೆಲ್ಲ ಸೀಪಲ್ಸ್."

ಮೊಗ್ಗಿಗೆ ಹೊದಿಕೆಯಾಗುವ ಹಸಿರು ಎಸಳನ್ನು ನಾವು ಶಾಲೆಯಲ್ಲಿ ಪುಷ್ಪಪತ್ರ ಎಂದು ಉರುಹೊಡೆದದ್ದು ನೆನಪಾಯಿತು. ನಾನು ನಾಲ್ಕು ವರ್ಷ ಹೊಗಳಿದ್ದು ಹೂವನ್ನಲ್ಲ, ಲಕೋಟೆಯನ್ನು!

"ಇನ್ನೊಂದು ಚಾನ್ಸ್ ಇದೆ. ಮ್ಯುಟೇಷನ್ ಆಗಿದ್ರೆ ಅದನ್ನ ಸ್ಪೋರ್ಟ್ ಅಂತಾರೆ" ಎಂದು ಅವಳು ಕಿಡಿ ಹಚ್ಚಿ ಹೋದಳು. ಒಂದೇ ಕೊಂಬೆ ಇದ್ದಕ್ಕಿದ್ದ ಹಾಗೆ ಕುಲಾಚಾರ ಬಿಟ್ಟು ಬೇರೆ ಹೂ ಬಿಡುವುದಕ್ಕೆ ತೋಟಗಾರರು ಇಟ್ಟ ಹೆಸರು ಅದು. ಕ್ಲೆಮಟಿಸ್‌ನಲ್ಲಿ 'ದಿ ಪ್ರೆಸಿಡೆಂಟ್' ಎಂಬ ಹಳೇ ತಳಿಯಿದೆ. ಅದರ ಕೊಂಬೆಯೊಂದು ನೆದರ್‌ಲ್ಯಾಂಡ್ಸ್‌ನಲ್ಲಿ ಪಕ್ಷಾಂತರ ಮಾಡಿದ್ದರಿಂದ 'ಮಲ್ಟಿ ಬ್ಲೂ' ಎಂಬ ಹೊಸ ತಳಿಯೇ ಹುಟ್ಟಿತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಲಂಡನ್ನಿನ ಪುಷ್ಪ ಪ್ರದರ್ಶನ, ಗಾಜಿನ ಕಪಾಟು, ಒಳಗೆ ಹಸಿರು-ನೇರಳೆ ಹೂವು, ಕೆಳಗೆ ಚೀಟಿ: 'ಕಲಾವತಿ'. ಪಕ್ಕದಲ್ಲಿ ಓವರ್‌ಕೋಟಿನೊಳಗೆ ನಾನು. ಅಡಿಕೆ ತೋಟಕ್ಕೆ ನಲವತ್ತು ವರ್ಷ ಗೊಬ್ಬರ ಹೊತ್ತರೂ ಸಿಗದ ಕೀರ್ತಿ, ಎರಡು ಪೌಂಡಿಗೆ.

ಮೂರನೇ ದಿನ ಮಗಳು ಫೋನು ನೋಡಿ "ಅಪ್ಪಾ, ಇವತ್ತು ರಾತ್ರಿ ಮೈನಸ್ ಮೂರಂತೆ" ಎಂದಳು. ಕೀರ್ತಿ ಬೆಳಗಾಗುವುದರೊಳಗೆ ಕಪ್ಪಾಗಿ ಜೋತುಬೀಳುವುದು ಖಚಿತ. ಮನೆಯವರೆಲ್ಲ ಮಲಗಿದ ಮೇಲೆ ಟಾರ್ಚ್ ಹಿಡಿದು ಹಿತ್ತಿಲಿಗಿಳಿದೆ. ಹೊದಿಸಲು ಏನೂ ಸಿಗಲಿಲ್ಲ. ಮಗಳ ಪ್ಲಾಸ್ಟಿಕ್ ಚೀಲಗಳೆಲ್ಲ ಎಲ್ಲಿರುತ್ತವೆಂದು ನನಗೆ ಗೊತ್ತಿಲ್ಲ, ಗೊತ್ತಿರುವವಳು ತೀರ್ಥಹಳ್ಳಿಯಲ್ಲಿದ್ದಳು. ತಲೆಯ ಮೇಲಿನ ಮಂಕಿಟೋಪಿ ತೆಗೆದು ಹೂವಿಗೇ ಹಾಕಿದೆ. ಕಿವಿಯ ಕಡೆ ಎಳೆದು, ಗಲ್ಲದ ಕೆಳಗಿನ ಗುಂಡಿಯನ್ನೂ ಹಾಕಿದೆ. ಮುಖದ ಕಿಂಡಿಯಿಂದ ಆ ಒಂದು ನೇರಳೆ ಎಸಳು ಹೊರಗಿಣುಕಿತು.

ಬೆಳಿಗ್ಗೆ ನಾನು ಏಳುವ ಮೊದಲೇ ಬೇಲಿಯಾಚೆಯ ಅಜ್ಜಿ ಎದ್ದಿದ್ದರು. ಅವರಿಗೆ ಕಂಡದ್ದು ಇಷ್ಟು: ಇಬ್ಬನಿ ಹೆಪ್ಪುಗಟ್ಟಿದ ಹಿತ್ತಿಲು, ಬೇಲಿಯ ಮೇಲೆ ಇಂಡಿಯಾದ ಮುದುಕನ ಟೋಪಿ, ಅದರ ಕೆಳಗೆ ಮುದುಕನಿಲ್ಲ. ಗಾಬರಿಯಾಗಿ ಬಂದು ಬೆಲ್ ಒತ್ತಿದರು. ಬರಿತಲೆಯಲ್ಲಿ ಬಾಗಿಲು ತೆಗೆದ ನನ್ನನ್ನು ಕಂಡು ಎದೆಯ ಮೇಲೆ ಕೈಯಿಟ್ಟುಕೊಂಡರು. ಸಂಗತಿ ತಿಳಿದ ಮೇಲೆ ನಗಲಿಲ್ಲ. ಅರ್ಧ ಗಂಟೆ ಬಿಟ್ಟು, ಗಿಡಕ್ಕೆ ಹೊದಿಸುವ ಬಿಳಿ ಬಟ್ಟೆಯೊಂದನ್ನು ತಂದುಕೊಟ್ಟು, "ಟೋಪಿ ನಿಮಗಿರಲಿ" ಎಂದರು.

ಹೂವು ಇನ್ನೂ ಹದಿನೈದು ದಿನ ಇತ್ತು. ಹಸಿರು ಎಸಳಿಗೆ ಆಯಸ್ಸು ಜಾಸ್ತಿ. ನಡುವೆ ಒಂದು ಭಾನುವಾರ ಅಳಿಯ ನಮ್ಮನ್ನು ಗಿಲ್ಡ್‌ಫರ್ಡ್ ಕಡೆಯ ಸುಣ್ಣಕಲ್ಲಿನ ಗುಡ್ಡಗಳಿಗೆ ಕರೆದೊಯ್ದ. ಅಲ್ಲಿ ಬೇಲಿಯುದ್ದಕ್ಕೂ ಕಾಡು ಕ್ಲೆಮಟಿಸ್, ಬೀಜಕ್ಕೆಲ್ಲ ಬೆಳ್ಳಿಯ ಕೂದಲು. ಇದಕ್ಕೆ ಜೆರಾರ್ಡ್ ಎಂಬವನು 1597ರ ತನ್ನ ಮೂಲಿಕೆ ಪುಸ್ತಕದಲ್ಲಿ 'ದಾರಿಹೋಕರ ಖುಷಿ' ಎಂಬರ್ಥದ ಹೆಸರಿಟ್ಟ. ಹಳ್ಳಿಯವರು ಕರೆಯುವುದು ಮಾತ್ರ 'ಓಲ್ಡ್ ಮ್ಯಾನ್ಸ್ ಬಿಯರ್ಡ್' ಎಂದು. ನಾವು ಚಿಕ್ಕಂದಿನಲ್ಲಿ ಗದ್ದೆಬಯಲಲ್ಲಿ ಹಾರಿಬರುವ ಎಕ್ಕದ ಬೀಜದ ಹಿಂದೆ ಓಡುತ್ತ ಕೂಗುತ್ತಿದ್ದದ್ದೂ ಅದನ್ನೇ: ಅಜ್ಜನ ಗಡ್ಡ! ಒಂದನ್ನು ಊದಿ ಬಿಟ್ಟೆ. ಮೊಮ್ಮಗಳು ನನ್ನ ಗಡ್ಡ ನೋಡಿದಳು, ಏನೂ ಹೇಳಲಿಲ್ಲ.

ಡಿಸೆಂಬರ್‌ನಲ್ಲಿ ನಾನು ಹೊರಡುವ ಹಿಂದಿನ ದಿನ ಹೂವು ಮುದುಡಿತು. ಸ್ಪೋರ್ಟ್ ಆದರೆ ಬೀಜದಿಂದ ಬರುವುದಿಲ್ಲ, ಅದೇ ಕೊಂಬೆಯ ತುಂಡೇ ಬೇಕು. ಹೂವಿದ್ದ ಕುಡಿಯಿಂದ ಒಂದು ಗೆಣ್ಣು ಕತ್ತರಿಸಿ, ಮೊಸರಿನ ಡಬ್ಬಿಯಲ್ಲಿ ನೆಟ್ಟು, ಅಡಿಗೆಮನೆಯ ಕಿಟಕಿಯಲ್ಲಿಟ್ಟು ಮೊಮ್ಮಗಳ ಸುಪರ್ದಿಗೆ ಬಿಟ್ಟೆ. ಕಾಲವಲ್ಲದ ಕಾಲ, ಬೇರು ಬರಲಿಕ್ಕಿಲ್ಲ ಎಂದು ಬೇಲಿಯಾಚೆಯಿಂದ ಅಭಿಪ್ರಾಯ ಬಂತು.

ಫೆಬ್ರವರಿಯಲ್ಲಿ ಅಜ್ಜಿಯೇ ಬಂದು ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಹೋದರಂತೆ. ಜುಲೈನಲ್ಲಿ ಮಗಳು ಫೋನು ತಿರುಗಿಸಿ ಬೇಲಿ ತೋರಿಸಿದಳು. ಮೈತುಂಬ ಹೂವು. ಎಲ್ಲವೂ ನೇರಳೆ, ಎಲ್ಲಕ್ಕೂ ನಾಲ್ಕೇ ಎಸಳು, ನವೆಂಬರ್‌ನಲ್ಲಿ ಏನೂ ನಡೆದೇ ಇಲ್ಲವೆಂಬಂತೆ. ಬೇಲಿಯಾಚೆಯ ರೋಗನಿದಾನವೇ ಗೆದ್ದಿತ್ತು.

"ಹಸಿರು ಒಂದೂ ಇಲ್ವೇನೇ?" ಎಂದೆ.

"ಇಲ್ಲಪ್ಪ. ಎಲ್ಲ ನಾರ್ಮಲ್."

ಒಳ್ಳೆಯ ಸುದ್ದಿಯೇ. ಆದರೂ ಮನಸ್ಸು ಯಾಕೋ ಪಿಚ್ಚೆಂದಿತು. ಅಷ್ಟರಲ್ಲಿ ಮೊಮ್ಮಗಳು ಮೊಸರಿನ ಡಬ್ಬಿಯನ್ನು ಕ್ಯಾಮೆರಾಕ್ಕೆ ತಾಗುವಷ್ಟು ಹತ್ತಿರ ಹಿಡಿದಳು. ಕಡ್ಡಿ ಸತ್ತಿರಲಿಲ್ಲ. ಗೆಣ್ಣಿನ ಎರಡು ಬದಿಗೆ ಎರಡು ಎಲೆ.

"ಬರೀ ಎಲೆನಾ?"

"ಅಜ್ಜ, ಹೂವು ಅಂದ್ರೆ ಎಲೆನೇ ಅಂತ ಹೇಳಿರ್ಲಿಲ್ವಾ?"

ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ತುಸು ಹೊತ್ತು ನೋಡಿದಳು.

"ಎಲೆ ಅಗಲ ಇದೆ" ಎಂದಳು. "ಸಣ್ಣೆಲೆ ರೋಗ ಅಲ್ಲ ಬಿಡಿ." ಹಾಲು ಉಕ್ಕೀತೆಂದು ಒಳಗೆ ಹೋದಳು.