ಪಾರ್ಟ್ ಟೂ ಯಾವಾಗ?

"ಮಗಾ, ಪಾರ್ಟ್ ಟೂ ಯಾವಾಗ?"

ಹಾಸ್ಟೆಲ್ ಮೆಸ್ಸಲ್ಲಿ, ಲ್ಯಾಬಲ್ಲಿ, ಇಂಟರ್ನಲ್ಸ್ ಮುಗಿದ ಸಂಜೆ ಕ್ಯಾಂಟೀನಲ್ಲಿ, ಎಲ್ಲಾ ಕಡೆ ಇದೇ ಪ್ರಶ್ನೆ. ಮೂರು ವರ್ಷದಿಂದ ನನ್ನದೂ ಒಂದೇ ಉತ್ತರ: "ಮನೇಲಿ ತುಂಬಾ ಪ್ರೆಶರ್ ಕಣೋ." ಕೇಳಿದವರು ಪಾಪ ಅಂತ ಸುಮ್ಮನಾಗುತ್ತಾರೆ. ಇಂಜಿನಿಯರಿಂಗ್ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲವಲ್ಲ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಸೆಕೆಂಡ್ ಪಿಯುಸಿ ರಜೆಯಲ್ಲಿ ನಾನೊಂದು ಫ್ಯಾಂಟಸಿ ಕಾದಂಬರಿ ಬರೆದೆ. ನಮ್ಮೂರು ಭದ್ರಾವತಿ. ಹಿಂದೆ ಅದರ ಹೆಸರು ಬೆಂಕಿಪುರ. ಇಂಥ ಹೆಸರಿನ ಊರಲ್ಲಿ ಹುಟ್ಟಿ ಫ್ಯಾಂಟಸಿ ಬರೆಯದೇ ಇರೋಕೆ ಆಗುತ್ತಾ? 1923ರಲ್ಲಿ ಇಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದಾಗ ಕುಲುಮೆಗೆ ಹಾಕುತ್ತಿದ್ದದ್ದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲು. ಅದಿರು ಕೆಮ್ಮಣ್ಣುಗುಂಡಿ ಬೆಟ್ಟದಿಂದ ಬರುತ್ತಿತ್ತು. ಅಜ್ಜ ಇದನ್ನೆಲ್ಲ ಹೇಳುವಾಗ ನನ್ನ ಕಣ್ಣಿಗೆ ಕಾಡು ತಿಂದು ಕಬ್ಬಿಣ ಕಾರುವ ಪ್ರಾಣಿಯೊಂದು ಕಾಣುತ್ತಿತ್ತು. ಅದೇ ಪುಸ್ತಕ ಆಯ್ತು. ಕೊನೆಯ ಪುಟದಲ್ಲಿ ಆ ಪ್ರಾಣಿಯ ಹೊಟ್ಟೆಯ ಬೆಂಕಿ ಆರುತ್ತದೆ. ಅದನ್ನು ಕಾಯುತ್ತಿದ್ದ ಮುದುಕ ಕಿಡಿ ಹುಡುಕಿಕೊಂಡು ಕಾಡಿಗೆ ಹೋಗುತ್ತಾನೆ. "ಮುಂದುವರಿಯುವುದು" ಅಂತ ಬರೆದು ಮುಗಿಸಿದ್ದೆ.

ಶಿವಮೊಗ್ಗದ ಒಂದು ಪ್ರೆಸ್ಸಲ್ಲಿ 200 ಪ್ರತಿ ಹಾಕಿಸಿದೆವು. ದುಡ್ಡು ಅಮ್ಮನ ಚೀಟಿದು. ಅಪ್ಪ ಅಂಗಡಿಯ ಗಲ್ಲಾ ಪಕ್ಕ ಹತ್ತು ಪ್ರತಿ ಜೋಡಿಸಿ, ಮೊಳೆ, ಪೇಂಟು ಕೊಳ್ಳೋಕೆ ಬಂದವರಿಗೂ "ನಮ್ ಹುಡುಗಂದು" ಅಂತ ತೋರಿಸಿದ್ರು. ಇಂಥ ಮನೆಯವರ ಮೇಲೆ ನಾನು ಮೂರು ವರ್ಷ ದೂರು ಹೇಳಿಕೊಂಡು ತಿರುಗಿದ್ದೇನೆ.

ಒತ್ತಡ ಇಲ್ಲವೇ ಇಲ್ಲ ಅಂತಲ್ಲ. ಅಂಗಡಿಯಲ್ಲಿ ವ್ಯಾಪಾರ ಕಮ್ಮಿ. ತಂಗಿ ಪಿಯುಸಿಗೆ ಬಂದಿದ್ದಾಳೆ. ಊರಿನ ಪೇಪರ್ ಮಿಲ್ಲಲ್ಲಿ 2015ರಲ್ಲೇ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನವೂ ಬಂತು. ಇಂಥ ಊರಲ್ಲಿ ಇರೋ ಅಪ್ಪ "ಮೊದಲು ಒಂದು ಕೆಲಸ ಹಿಡಿ, ಆಮೇಲೆ ಎಷ್ಟಾದ್ರೂ ಬರಿ" ಅಂದ್ರೆ ಅದು ಹಟ ಅಲ್ಲ.

ನಾನೇನು ಮಾಡಿದೆ? ಮನೆಯಲ್ಲಿ "ಪ್ಲೇಸ್‌ಮೆಂಟಿಗೆ ಓದ್ತಿದೀನಿ" ಅಂದೆ. ನಿಮಗೆ "ಮನೇಲಿ ಬರೆಯೋಕೆ ಬಿಡ್ತಿಲ್ಲ" ಅಂದೆ. ನಿಜ ಏನಂದ್ರೆ ಎರಡೂ ಮಾಡ್ತಿರಲಿಲ್ಲ. ರಾತ್ರಿ ಫೈಲ್ ತೆಗೆಯೋದು, ಮೂರನೇ ಅಧ್ಯಾಯದಲ್ಲಿ ಎರಡು ಅಲ್ಪವಿರಾಮ ತಿದ್ದೋದು, ಮುಚ್ಚಿ ರೀಲ್ಸ್ ನೋಡೋದು. ಸಮಾಧಾನಕ್ಕೆ ಅಮೆರಿಕದ ಕ್ರಿಸ್ಟೋಫರ್ ಪಾವೊಲಿನಿ ಇದ್ದ. 15ನೇ ವಯಸ್ಸಿಗೆ ‘ಎರಗಾನ್’ ಶುರು ಮಾಡಿದವನು. 2002ರಲ್ಲಿ ಅವನ ಅಪ್ಪ ಅಮ್ಮನೇ ಅದನ್ನು ಅಚ್ಚು ಹಾಕಿಸಿದರು. ಮೂರೇ ಭಾಗ ಅಂದಿದ್ದ ಕಥೆ ನಾಲ್ಕಾಗಿ, ಕೊನೆಯದು ಬಂದಿದ್ದು 2011ರಲ್ಲಿ. ಅವನೂ ತಡ ಮಾಡಿದ ಅಂತ ನೆಮ್ಮದಿ ಪಟ್ಟುಕೊಳ್ಳುತ್ತಿದ್ದೆ. ಆದರೆ ಅವನು ಬರೆಯುತ್ತಾ ತಡ ಮಾಡಿದ.

ಒಮ್ಮೆ ಅಮ್ಮನ ಹತ್ತಿರ "ಟೈಮೇ ಇಲ್ಲ" ಅಂದಿದ್ದಕ್ಕೆ ಅವಳು ಎಂ. ಕೆ. ಇಂದಿರಾ ಹೆಸರು ಎತ್ತಿದಳು. ನಮ್ಮ ತೀರ್ಥಹಳ್ಳಿಯಲ್ಲಿ ಹುಟ್ಟಿ, 12ನೇ ವಯಸ್ಸಿಗೆ ಮದುವೆಯಾದವರು. ಮೊದಲ ಕಾದಂಬರಿ ‘ತುಂಗಭದ್ರ’ ಬಂದಾಗ ವಯಸ್ಸು 45 ದಾಟಿತ್ತು. "ಮನೆ ಕೆಲಸದ ಮುಂದೆ ನಿನ್ನ ಸೆಮ್ ಯಾವ ಲೆಕ್ಕ?" ಅಂತ ಅಮ್ಮ ಕೇಳಿದಾಗ ನನ್ನ ಬಾಯಿ ಬಂದ್.

ನಾನು ನಿಂತಿದ್ದಕ್ಕೆ ಕಾರಣ ಬೇರೆ. ಆ ಮುದುಕ ನನ್ನ ಅಜ್ಜ. ಅವನು ಮಾತಾಡೋ ರೀತಿ, ಬೀಡಿ ಹಚ್ಚೋ ರೀತಿ, ಎಲ್ಲಾ ಅಜ್ಜಂದೇ. ಮೂರನೇ ಸೆಮ್ಮಲ್ಲಿ ಅಜ್ಜ ತೀರಿಕೊಂಡ. ಪಾರ್ಟ್ ಟೂನಲ್ಲಿ ಮುದುಕ ಕಾಡಿಂದ ವಾಪಸ್ ಬರಬೇಕು, ಬಂದು ಮಾತಾಡಬೇಕು. ಆ ಧ್ವನಿ ಬರೆಯೋಕೆ ಹೋದರೆ ಕೈ ಓಡಲ್ಲ. ಅದನ್ನ ಯಾರಿಗೂ ಹೇಳೋಕಾಗದೆ, ಸುಲಭಕ್ಕೆ ಸಿಕ್ಕ ಮನೆಯವರ ಮೇಲೆ ಹಾಕಿದೆ.

ಶಿವಮೊಗ್ಗದಿಂದ ಊರಿಗೆ 20 ಕಿಲೋಮೀಟರ್ ಆಸುಪಾಸು. ಆದರೂ ಹೋಗೋದು ಕಮ್ಮಿ ಮಾಡಿದ್ದೆ. ಹೋದ ದೀಪಾವಳಿಗೆ ಹೋದಾಗ ಊಟದ ಮಧ್ಯೆ ಅಪ್ಪ ತಟ್ಟೆ ನೋಡಿಕೊಂಡೇ ಕೇಳಿದ್ರು: "ಆ ಮುದುಕ ವಾಪಸ್ ಬರ್ತಾನೇನೋ?"

ಅಪ್ಪ ಪುಸ್ತಕ ಓದಿದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಅವರಿಗೂ ಅದು ಯಾರು ಅಂತ ಗೊತ್ತಾಗಿತ್ತು. ಅವರು ಕಳೆದುಕೊಂಡದ್ದು ಅಪ್ಪನನ್ನ.

ಅವತ್ತು ಎಲ್ಲಾ ಹೇಳಿಬಿಟ್ಟೆ, ಓದ್ತಿಲ್ಲ ಅನ್ನೋದನ್ನೂ. ಬೈಗುಳ ಸರಿಯಾಗೇ ಬಿತ್ತು. ಈಗ ವಾರವೆಲ್ಲ ಆಪ್ಟಿಟ್ಯೂಡ್, ಭಾನುವಾರ ಬೆಳಗ್ಗೆ ಒಂದು ಪುಟ. ಬರೆದಿದ್ದನ್ನ ರಾತ್ರಿ ಫೋನಲ್ಲಿ ಅಪ್ಪನಿಗೆ ಓದಿ ಹೇಳ್ತೀನಿ. "ನಿಮ್ಮಜ್ಜ ಹಂಗೆ ಅನ್ನಲ್ಲ ಕಣೋ" ಅಂತ ಅವರು ತಿದ್ದುತ್ತಾರೆ.

ಹಾಗಾಗಿ ಗೆಳೆಯರೇ, ಪಾರ್ಟ್ ಟೂ ಯಾವಾಗ ಅಂತ ಇನ್ನೂ ಕೇಳಿ. ತಾರೀಖು ನನ್ನ ಹತ್ತಿರ ಇಲ್ಲ. 14 ಪುಟ ಆಗಿದೆ. ಮುದುಕ ಇನ್ನೂ ಕಾಡಲ್ಲೇ ಇದ್ದಾನೆ, ಆದರೆ ಊರ ಕಡೆ ತಿರುಗಿದ್ದಾನೆ.